ಮಣೆ ನನ್ನದು, ಮಷೀನು ಅವಳದು

ಮಸ್ಕತ್ತಿಗೆ ಹೊರಡಲು ಇನ್ನು ಮೂರು ವಾರ ಇದೆ ಎನ್ನುವಾಗ ನಾರಾಯಣಪೇಟೆಯ ನಮ್ಮ ಬಾಡಿಗೆ ಮನೆಯ ನಡುಮನೆಯನ್ನು ನಾನು ಚಾಕ್‌ಪೀಸಿನಿಂದ ಗೆರೆ ಎಳೆದು ಮೂರು ಪಾಲು ಮಾಡಿದೆ. ಒಂದರಲ್ಲಿ ಒಯ್ಯುವ ಸಾಮಾನು, ಇನ್ನೊಂದರಲ್ಲಿ ಕೊಡುವ ಸಾಮಾನು, ಮತ್ತೊಂದರಲ್ಲಿ ಗುಜರಿಗೆ ಹಾಕುವ ಸಾಮಾನು. ಎರಡೇ ದಿನದಲ್ಲಿ ನಮ್ಮ ಅತ್ತೆ ಕಿಟಕಿಯ ಕೆಳಗೆ ತಮ್ಮದೇ ಒಂದು ನಾಲ್ಕನೆಯ ಪಾಲು ಹುಟ್ಟಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ನೋಡೋಣ’. ಹಿಡಿ ಹೋದ ಬೋಗುಣಿ ಗುಜರಿಯಿಂದ ಎದ್ದು ‘ನೋಡೋಣ’ಕ್ಕೆ ಹೋಯಿತು. ಹರಿದ ಕೌದಿ ಹೋಯಿತು. ತೀರಿಹೋದ ನಮ್ಮ ಮಾವನವರ ಮುರಿದ ಕೊಡೆಯೂ ಅಲ್ಲಿಗೇ ಹೋಯಿತು. ವಾರ ಕಳೆಯುವಷ್ಟರಲ್ಲಿ ನನ್ನ ಮೂರು ಪಾಲುಗಳು ಬಡವಾಗಿ, ‘ನೋಡೋಣ’ ಕಿಟಕಿಯ ಸರಳು ಮುಟ್ಟಿತ್ತು.

ನನ್ನ ಗಂಡ ಎಂಟು ವರ್ಷದಿಂದ ಮಸ್ಕತ್ತಿನಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದಾರೆ. ವರ್ಷಕ್ಕೊಮ್ಮೆ ಬಂದು ತಿಂಗಳಿದ್ದು ಹೋಗುತ್ತಿದ್ದರು. ಈಗ ಕಂಪನಿ ಎರಡು ಕೋಣೆಯ ಮನೆ ಕೊಟ್ಟದ್ದರಿಂದ ನನ್ನನ್ನೂ ತಮ್ಮ ತಾಯಿಯನ್ನೂ ಕರೆಸಿಕೊಳ್ಳುತ್ತಿದ್ದರು. ದಿನಾ ಸಂಜೆ ವಿಡಿಯೋ ಕಾಲ್ ಮಾಡಿ ಒಂದೇ ಮಾತು ಹೇಳುತ್ತಿದ್ದರು.

“ಒಬ್ಬರಿಗೆ ಮೂವತ್ತು ಕಿಲೋ. ಅದಕ್ಕಿಂತ ಜಾಸ್ತಿ ಬ್ಯಾಡ. ಇಲ್ಲಿ ಎಲ್ಲಾ ಸಿಗತೈತಿ.”

“ಎಲ್ಲಾ ಸಿಗೂದಾದ್ರ ನಮ್ಮನ್ನ ಯಾಕ ಕರಸಾಕತ್ತೀಪಾ?” ಎಂದು ಅತ್ತೆ ಫೋನಿಗೆ ಮುಖ ಒತ್ತಿ ಕೇಳಿದರು. ಆ ಕಡೆ ನನ್ನ ಗಂಡನಿಗೆ ಅವರ ಒಂದು ಕಿವಿ ಮಾತ್ರ ಕಾಣುತ್ತಿತ್ತಂತೆ.

ಅತ್ತೆಯ ಉತ್ಸಾಹದ ಬಗ್ಗೆ ಹೇಳಲೇಬೇಕು. ಅರವತ್ತೆಂಟು ವಯಸ್ಸಿನಲ್ಲಿ ಊರು ಬಿಡುವ ಹೆಂಗಸು ಅಳಬೇಕು ಎಂದು ಓಣಿಯವರೆಲ್ಲ ಕಾಯುತ್ತಿದ್ದರು. ಇವರು ಸಮುದ್ರ ನೋಡುವ ಖುಷಿಯಲ್ಲಿ ಹೊಸ ಚಪ್ಪಲಿ ತಂದು ಮನೆಯೊಳಗೇ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರು. ಅಳುವ ಪಾಳಿ ನನ್ನದಾಗಿತ್ತು, ಅದೂ ಸಿಟ್ಟಿಗೆ. ನನಗೆ ದುಃಖ ಬಂದರೂ ಮೊದಲು ಸಿಟ್ಟೇ ಬರುತ್ತದೆ, ಇದು ನನ್ನ ತವರುಮನೆಯ ಬಳುವಳಿ.

ಸಿಟ್ಟಿಗೆ ಕಾರಣ ಉಡಿ. ದೂರದೇಶಕ್ಕೆ ಹೋಗುವವರು ಗುರುತಿನ ಮನೆಗಳಿಗೆಲ್ಲ ಹೋಗಿ ‘ಹೋಗಿ ಬರ್ತೀವಿ’ ಎಂದು ಹೇಳಬೇಕು. ಹೇಗೂ ಹೋಗುತ್ತೇನಲ್ಲ ಎಂದು ನಾನು ಪ್ರತಿ ಮನೆಗೂ ಒಂದೊಂದು ಸಾಮಾನು ಒಯ್ದೆ. ಮೂಲೆಮನೆಯವರಿಗೆ ಇಡ್ಲಿ ಪಾತ್ರೆ, ಮಗ್ಗದ ಮನೆಯ ಅಕ್ಕನಿಗೆ ನಾನು ಸೀರೆಗಳಿಗೆ ಕುಚ್ಚು ಕಟ್ಟುವ ದಾರದ ಡಬ್ಬಿಗಳು, ಹಿಂದಿನ ಓಣಿಯ ಅಜ್ಜಿಗೆ ಒಂದು ಕುರ್ಚಿ. ಆದರೆ ಊರು ಬಿಡುವ ಮುತ್ತೈದೆಯನ್ನು ಬರಿಗೈಯಲ್ಲಿ ಯಾರು ಕಳಿಸುತ್ತಾರೆ? ಪ್ರತಿ ಮನೆಯಲ್ಲೂ ನನ್ನನ್ನು ಮಣೆಯ ಮೇಲೆ ಕೂಡಿಸಿ, ಸೆರಗು ಒಡ್ಡಿಸಿ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನದ ಕೊಂಬು, ಮೇಲೊಂದು ಕುಪ್ಪಸದ ಖಣ ಇಟ್ಟು ಉಡಿ ತುಂಬಿದರು. ಕೆಲವರು ಅಷ್ಟಕ್ಕೇ ಬಿಡದೆ ಒಂದು ಸ್ಟೀಲ್ ಡಬ್ಬಿಯನ್ನೂ ಕೊಟ್ಟರು. ನಾನು ಒಂದು ಇಡ್ಲಿ ಪಾತ್ರೆ ಕೊಟ್ಟು ಬಂದು ಲೆಕ್ಕ ಹಾಕಿದರೆ ಮನೆಯಲ್ಲಿ ನಾಲ್ಕು ಸಾಮಾನು ಹೆಚ್ಚಾಗಿರುತ್ತಿದ್ದವು.

ಹತ್ತು ದಿನದಲ್ಲಿ ಹತ್ತೊಂಬತ್ತು ತೆಂಗಿನಕಾಯಿ, ಇಪ್ಪತ್ತಕ್ಕೂ ಹೆಚ್ಚು ಖಣ. ಅದರಲ್ಲಿ ಗಿಳಿಹಸಿರಿನ ಒಂದು ಖಣವನ್ನು ನೋಡಿದ ಕೂಡಲೇ ಗುರುತು ಹಿಡಿದೆ. ನಾಲ್ಕು ವರ್ಷದ ಹಿಂದೆ ನಾನೇ ಯಾರಿಗೋ ಉಡಿಯಲ್ಲಿ ಇಟ್ಟದ್ದು, ಅಂಚಿಗೆ ಇಸ್ತ್ರಿ ತಾಗಿದ ಕಂದು ಕಲೆ ಹಾಗೇ ಇತ್ತು. ಎಷ್ಟು ಮನೆ ತಿರುಗಿ ಬಂದಿತ್ತೋ ಪಾಪ, ಯಾರೂ ಹೊಲಿಸಿಕೊಂಡಿರಲಿಲ್ಲ.

“ಇದನ್ನರ ಗುಜರಿಗಿ ಹಾಕ್ಲೇನ್ರಿ?” ಎಂದೆ.

“ಅಯ್ಯ, ಉಡಿಯಾಗ ಬಂದದ್ದು!” ಎಂದು ಅತ್ತೆ ಅದನ್ನು ‘ನೋಡೋಣ’ಕ್ಕೆ ಸೇರಿಸಿದರು. ಆಮೇಲೆ ಅವರೇ ಒಂದು ದಾರಿ ಹುಡುಕಿದರು. ಒಂದು ಮನೆಯಲ್ಲಿ ಬಂದ ಕಾಯಿಯನ್ನು ಇನ್ನೊಂದು ಮನೆಗೆ ಒಯ್ಯುವುದು. ಆ ಮನೆಯವರು ಎರಡು ಕಾಯಿ ಕೊಟ್ಟರು.

ಇಷ್ಟೆಲ್ಲ ಗದ್ದಲದ ನಡುವೆ ಅಟ್ಟದ ಮೇಲಿನ ಒಂದು ಸಾಮಾನನ್ನು ನಾನು ಮುಟ್ಟಿರಲಿಲ್ಲ. ಅತ್ತೆ ದಿನಾ ಒಮ್ಮೆ ಅಟ್ಟದ ಕಡೆ ನೋಡುವರು, ನನ್ನ ಮುಖ ನೋಡುವರು, ಮತ್ತೆ ‘ನೋಡೋಣ’ದ ಕಡೆ ತಿರುಗುವರು. ಅದು ಶಾವಿಗೆ ಒತ್ತುವ ಮಣೆ, ಅದಕ್ಕೆ ಬಿಗಿದ ಕಬ್ಬಿಣದ ಮಷೀನು.

ಬೇವಿನ ಹಲಗೆಯ, ಕಾಲುಗಳಿದ್ದ ಉದ್ದನೆಯ ಮಣೆ ನನ್ನ ತವರಿನದು. ಮಷೀನು ನನ್ನ ಗೆಳತಿಯದು, ಅವಳ ತಾಯಿ ಕೊಟ್ಟದ್ದು. ಹನ್ನೆರಡು ವರ್ಷದ ಹಿಂದೆ ನಾವಿಬ್ಬರೂ ಎದುರುಬದುರು ಮನೆಯಲ್ಲಿದ್ದಾಗ ಎರಡನ್ನೂ ಸೇರಿಸಿ ಬೋಲ್ಟು ಹಾಕಿಸಿದ್ದೆವು. ಪ್ರತಿ ಬೇಸಿಗೆಯಲ್ಲಿ ಅವಳ ಮನೆಯ ಮಾಳಿಗೆಯ ಮೇಲೆ ಶಾವಿಗೆ ಒತ್ತುತ್ತಿದ್ದೆವು. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮಣೆಯ ಮೇಲೆ ಗಟ್ಟಿಯಾಗಿ ಕೂತು ಹಿಡಿಕೆ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಇಳಿಯುವ ಎಳೆಗಳನ್ನು ಹರಿಯದಂತೆ ಹಿಡಿದು ಕೋಲಿನ ಮೇಲೆ ಹಾಕಬೇಕು. ನಾನು ದಪ್ಪ, ಅವಳು ಕಡ್ಡಿ. ಹಾಗಾಗಿ ಕೂಡುವ ಕೆಲಸ ನನ್ನದು, ಬೆರಳಿನ ಕೆಲಸ ಅವಳದು. ಅವಳ ಬಾಯಿ ಮಾತ್ರ ಇಬ್ಬರ ಕೆಲಸವನ್ನೂ ಮಾಡುತ್ತಿತ್ತು. ‘ನಿಧಾನ ತಿರುವ’, ‘ನಿದ್ದಿ ಬಂತೇನು’, ‘ಎಳಿ ದಪ್ಪ ಬರಾಕತ್ತೈತಿ’ ಎಂದು ಬೈಯುತ್ತಲೇ ಇರುತ್ತಿದ್ದಳು. ನನಗೂ ಬಾಯಿ ಇತ್ತು. ಕೆಳಗಿನವರು ನಾವು ಜಗಳ ಆಡುತ್ತಿದ್ದೇವೆಂದು ತಿಳಿಯುತ್ತಿದ್ದರು. ನನ್ನ ಬದುಕಿನಲ್ಲಿ ಅಷ್ಟು ನಕ್ಕ ದಿನಗಳು ಬೇರೆ ಇಲ್ಲ.

ಮೂರು ವರ್ಷದ ಹಿಂದೆ ಅವಳ ಗಂಡ ಮಕ್ತಲ್‌ನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿ, ಅಲ್ಲೇ ಮನೆ ಕಟ್ಟಿಸಲು ಶುರು ಮಾಡಿದರು. ಅವರೆಲ್ಲ ಅಲ್ಲಿಗೆ ಹೋದರು. ಮರುವರ್ಷ ಮನೆ ಮುಗಿದು ಗೃಹಪ್ರವೇಶ ಇಟ್ಟುಕೊಂಡಾಗ ಅವಳು ನನ್ನ ಫೋನಿಗೆ ಒಂದು ಚಿತ್ರ ಕಳಿಸಿದಳು. ಹೂವಿನ ಅಂಚು, ಕಳಶ, ದಿನಾಂಕ, ‘ಎಲ್ಲರೂ ಬನ್ನಿ’. ಓಣಿಯವರಿಗೆಲ್ಲ ಬಂದ ಅದೇ ಚಿತ್ರ. ನನ್ನ ಮೈಯೆಲ್ಲ ಉರಿಯಿತು. ಹತ್ತು ವರ್ಷ ಒಂದೇ ಮಣೆಗೆ ಮೈ ಮುರಿದವಳನ್ನು ಮನೆಗೆ ಬಂದು ಕುಂಕುಮ ಹಚ್ಚಿ ಕರೆಯಲಿಕ್ಕೆ ಇವಳಿಗೆ ಕಾಲು ಬರಲಿಲ್ಲವೇ? ನಾನು ಹೋಗಲಿಲ್ಲ. ಅತ್ತೆಯನ್ನೂ ಕಳಿಸಲಿಲ್ಲ. ಅವಳು ಮತ್ತೆ ಮಾತಾಡಿಸಲಿಲ್ಲ, ನಾನೂ ಆಡಲಿಲ್ಲ. ಹೀಗೆ ಎರಡು ಬೇಸಿಗೆ ಕಳೆದಿದ್ದವು.

ಸಾಮಾನು ಕೊಡುತ್ತ ಮನೆಮನೆ ತಿರುಗುವಾಗ ಇದೊಂದೇ ಲೆಕ್ಕ ಬಾಕಿ ಉಳಿದಂತೆ ಅನಿಸುತ್ತಿತ್ತು. ಗುರುತಿಲ್ಲದವರಿಗೂ ‘ಹೋಗಿ ಬರ್ತೀನಿ’ ಎಂದು ಹೇಳಿ ಬರುತ್ತಿದ್ದೇನೆ, ಅವಳಿಗೆ ಹೇಳದೆ ವಿಮಾನ ಹತ್ತಿದರೆ ಈ ಮುನಿಸು ಸಮುದ್ರ ದಾಟಿ ನನ್ನ ಜೊತೆ ಬರುತ್ತದೆ, ಆಮೇಲೆ ಅದನ್ನು ಬಿಡಿಸಲು ಯಾವ ಬಸ್ಸೂ ಸಿಗುವುದಿಲ್ಲ. ಹಾಗೆಂದು ಮೊದಲು ಸೋಲುವುದಕ್ಕೂ ಮನಸ್ಸಿಲ್ಲ. ಕೊನೆಗೆ ನನ್ನ ಸೊಕ್ಕಿಗೆ ಒಪ್ಪುವ ದಾರಿ ಹುಡುಕಿದೆ. ಮಷೀನು ಬಿಚ್ಚಿ ಅವಳ ಬಾಗಿಲಲ್ಲಿ ಇಟ್ಟು, ‘ನಿನ್ನದು ನೀ ಇಟ್ಕೋ’ ಎಂದು ಹೇಳಿ ಬರುವುದು.

ಅಟ್ಟದಿಂದ ಇಳಿಸಿದೆ. ಪಾನಾ ಹಾಕಿ ತಿರುಗಿಸಿದರೆ ಬೋಲ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟೆ, ಕೊಬ್ಬರಿ ಎಣ್ಣೆ ಬಿಟ್ಟೆ, ಸುತ್ತಿಗೆಯಿಂದ ಬಡಿದೆ. ಮಣೆ ಸೀಳುವಂತಾಯಿತೇ ಹೊರತು ಮಷೀನು ಬಿಡಲಿಲ್ಲ. ಹೊಸಿಲ ಮೇಲೆ ಕೂತು ನೋಡುತ್ತಿದ್ದ ಅತ್ತೆ, “ಎರಡೂ ಕೂಡೇ ಒಯ್ಯವಾ. ನಿನ್ನ ಸಿಟ್ಟಿಗೆ ಮಣಿ ಯಾಕ ಒಡೀತಿ?” ಎಂದರು. ಅವರು ‘ನೋಡೋಣ’ ಎನ್ನದೆ ತೀರ್ಮಾನ ಹೇಳಿದ ಮೊದಲ ಸಾಮಾನು ಅದು.

ಗದ್ವಾಲಿನ ನನ್ನ ನಾದಿನಿಗೆ ಎರಡು ಮಂಚ, ಒಂದು ಅಲಮಾರಿ ಕಳಿಸುವುದಿತ್ತು. ಅದಕ್ಕೆ ಒಂದು ಟ್ರಾಲಿ ಆಟೊ ಗೊತ್ತು ಮಾಡಿದ್ದೆ. ಮಕ್ತಲ್ ದಾರಿಯಲ್ಲೇ ಸಿಗುತ್ತದೆ. ಮಂಚಗಳ ಮೇಲೆ ಶಾವಿಗೆ ಮಣೆ ಕಟ್ಟಿ, ಡ್ರೈವರನ ಪಕ್ಕದಲ್ಲಿ ನಾನೂ ಹೊಸ ಚಪ್ಪಲಿಯ ಅತ್ತೆಯೂ ತುರುಕಿಕೊಂಡು ಬೆಳಿಗ್ಗೆ ಹೊರಟೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತು ಬಾಯಿಪಾಠ ಮಾಡಿದೆ. ಎರಡೇ ವಾಕ್ಯ. ಮೂರನೆಯದು ಆಡಬಾರದು.

ಅವಳ ಮನೆಗೆ ನೀಲಿ ಗೇಟು. ಬಾಗಿಲು ತೆರೆದವಳು ನನ್ನನ್ನು ನೋಡಿದಳು, ಟ್ರಾಲಿ ನೋಡಿದಳು, ಮಂಚದ ಮೇಲೆ ಕಾಲು ಮೇಲಾಗಿ ಬಿದ್ದ ಮಣೆ ನೋಡಿದಳು. ಕೂದಲು ಸ್ವಲ್ಪ ನರೆತಿತ್ತು.

“ನಿನ್ನ ಮಷೀನು ತಂದೀನಿ,” ಎಂದೆ. “ನಾವು ಮಸ್ಕತ್ತಿಗಿ ಹೊಂಟೀವಿ.”

“ಗೊತ್ತೈತಿ. ಊರಿಗೆಲ್ಲ ಹೇಳಿ ಬಂದೀಯಂತ. ಕಡೀಕ ನಮ್ಮನಿ ನೆನಪಾತೇನು?”

ಎರಡು ವಾಕ್ಯದ ಕರಾರು ಅಲ್ಲಿಗೇ ಮುರಿಯಿತು. “ಫೋನಿನಾಗ ಚಿತ್ರ ಕಳಿಸಿ ಕರದಾಕಿ ನೀನು. ನನಗ ಕಲಿಸಾಕ ಬರಬ್ಯಾಡ,” ಎಂದೆ.

“ಫೋನಿನಾಗ?” ಅವಳ ದನಿ ಏರಿತು. “ಬಿಸಿಲಾಗ ಬಸ್ಸು ಹತ್ತಿ, ಕುಂಕುಮದ ಭರಣಿ ಹಿಡ್ಕೊಂಡು ನಾರಾಯಣಪೇಟಿಗಿ ಬಂದಿದ್ದೆ ನಾನು! ನಿಮ್ಮನಿಗೆ ಬೀಗ ಇತ್ತು. ಬೀಗಕ್ಕ ಕುಂಕುಮ ಹಚ್ಚಿ, ಹೊಸಿಲ ಮ್ಯಾಲೆ ಅಕ್ಷತಿ ಇಟ್ಟು ಬಂದೀನಿ. ಅದಕ್ಕಿಂತ ಹ್ಯಾಂಗ ಕರೀತಾರ?”

ಮನೆಯವರು ಇಲ್ಲದಿದ್ದರೆ ಬಾಗಿಲಿಗೋ ಬೀಗಕ್ಕೋ ಕುಂಕುಮ ಹಚ್ಚಿ ಹೋಗುವುದು ನಮ್ಮ ಕಡೆಯ ಪದ್ಧತಿ. ಹಾಗೆ ಹಚ್ಚಿದರೆ ಮನೆಮಂದಿಯನ್ನೆಲ್ಲ ಎದುರಿಗೆ ಕೂಡಿಸಿ ಕರೆದ ಹಾಗೆಯೇ. ಆ ದಿನಗಳಲ್ಲಿ ನಾವು ನಾದಿನಿಯ ಮಗುವಿನ ಜವಳಕ್ಕೆಂದು ಗದ್ವಾಲಿಗೆ ಹೋಗಿ ನಾಲ್ಕು ದಿನ ಇದ್ದದ್ದು ನಿಜ. ತಿರುಗಿ ಬಂದಾಗ ಬೀಗದ ಮೇಲೆ ಕುಂಕುಮ ಇದ್ದದ್ದೂ ನಿಜ. ಆದರೆ ನಮ್ಮ ಅತ್ತೆ ಊರಿಗೆ ಹೋಗುವಾಗಲೆಲ್ಲ ಬೀಗ ಹಾಕಿದ ಕೂಡಲೇ ಅದಕ್ಕೆ ಕುಂಕುಮ ಹಚ್ಚಿ, ‘ಮನಿ ಕಾಯಪ್ಪಾ’ ಎಂದು ಕೈಮುಗಿಯುವವರು. ನಮ್ಮ ಮನೆಯ ಬೀಗಕ್ಕೆ ಕುಂಕುಮ ಇರುವುದು ಹೊಸದೇನಲ್ಲ.

ಹಿಂದಿನಿಂದ ಅತ್ತೆಯ ದನಿ ಬಂತು. “ಅಯ್ಯ ನನ್ನವ್ವಾ! ಎರಡು ಬೊಟ್ಟು ಇತ್ತು, ಖರೇ. ನಾ ನೋಡೀನಿ. ಗಡಬಡಿಯಾಗ ನಾನೇ ಎರಡು ಸಲ ಹಚ್ಚಿದ್ದೇನೋ ಅನ್ಕೊಂಡೆ.”

“ಅಕ್ಷತಿ?” ಎಂದು ಗೆಳತಿ ಕೇಳಿದಳು.

“ಗುಬ್ಬಿ ತಿಂದಿರಬೇಕು,” ಎಂದರು ಅತ್ತೆ.

ಯಾರು ಮೊದಲು ನಕ್ಕರೋ ತಿಳಿಯದು. ನಕ್ಕು ನಕ್ಕು ನನಗೆ ಗೇಟು ಹಿಡಿದುಕೊಳ್ಳಬೇಕಾಯಿತು. ಎರಡು ವರ್ಷ! ನಾನೊಂದು ಫೋನು ಮಾಡಿ ‘ಯಾಕ ಹಿಂಗ ಮಾಡಿದಿ’ ಎಂದು ಬೈದಿದ್ದರೂ ಸಾಕಿತ್ತು, ಅವತ್ತೇ ಮುಗಿಯುತ್ತಿತ್ತು. ಬೈಯುವುದರಲ್ಲಿ ಎಂದೂ ಹಿಂದೆ ಬೀಳದ ನಾನು ಬೈಯಬೇಕಾದ ಒಂದೇ ಒಂದು ಸಲ ಸುಮ್ಮನಿದ್ದೆ. ನನಗೆ ನಾಚಿಕೆಯಾಯಿತು, ಅದನ್ನು ಅವಳಿಗೆ ಹೇಳಿದೆ. ಅವಳು, “ನಾನರ ಏನ್ ಕಮ್ಮಿ? ಕುಂಕುಮ ಹಚ್ಚಿ ಬಂದೀನಲ್ಲ, ಇನ್ನ ನಾ ಯಾಕ ಫೋನ್ ಮಾಡ್ಲಿ ಅಂತ ಕುಂತೆ,” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಮೇಲೆ ಮನೆ ತೋರಿಸಿದಳು. ಅಡುಗೆಮನೆಯ ಕಟ್ಟೆ, ದೇವರ ಗೂಡು, ನೀರಿನ ಟ್ಯಾಂಕು, ಕೊನೆಗೆ ಮಾಳಿಗೆ. ಮಾಳಿಗೆಯ ಮೇಲೆ ಒಂದು ಮೂಲೆಯಲ್ಲಿ ಕೋಲು ಅಡ್ಡ ಹಾಕಲು ಎರಡು ಸಿಮೆಂಟಿನ ಕಂಬ ಎತ್ತಿಸಿದ್ದಳು. ಬಟ್ಟೆ ಒಣಗಿಸಲೇ ಎಂದು ಅತ್ತೆ ಕೇಳಿದರು.

“ಶಾವಿಗೀಗ್ರಿ. ಮನಿ ಕಟ್ಟುವಾಗಲೇ ಕಟ್ಟಿಸಿದ್ದೆ,” ಎಂದಳು. “ಎರಡು ವರ್ಷ ಅಂಗಡಿ ಶಾವಿಗಿ ತಿಂದು ನಾಲಿಗಿ ಸತ್ತೈತಿ.”

ನಾನು ಎರಡೂ ಕಂಬಗಳ ಮೇಲೆ ಕೈಯಾಡಿಸಿದೆ. ಕೆಳಗೆ ಡ್ರೈವರ್ ಹಾರ್ನ್ ಹೊಡೆದು, “ಅಮ್ಮಾ, ಲೇಟ್ ಅವುತುಂದಿ!” ಎಂದು ತೆಲುಗಿನಲ್ಲಿ ಕೂಗುತ್ತಿದ್ದ. ಅವನನ್ನೇ ಮೇಲೆ ಕರೆದು ನಾಲ್ವರೂ ಸೇರಿ ಮಣೆ ಹತ್ತಿಸಿದೆವು. ನಾಳೆ ಬರುತ್ತೇನೆ, ಹಿಟ್ಟು ನಾದಿ ಇಡು ಎಂದು ಹೇಳಿ ಗದ್ವಾಲಿಗೆ ಹೊರಟೆ. ಜೂರಾಲ ಡ್ಯಾಮಿನ ಮೇಲೆ ಹೋಗುವಾಗ ಅತ್ತೆ ನೀರು ನೋಡಿ, ಸಮುದ್ರ ಇದಕ್ಕಿಂತ ದೊಡ್ಡದೇನು ಎಂದು ಕೇಳಿದರು. ಧರೂರು ದಾಟುವವರೆಗೂ ಆ ಡ್ರೈವರನಿಗೆ ಬೀಗದ ಕತೆಯನ್ನು ತೆಲುಗಿನಲ್ಲಿ ಎರಡು ಸಲ ಹೇಳಿದರು. ಎರಡನೆಯ ಸಲ ಹೇಳುವಾಗ ಬೊಟ್ಟು ಮೂರಾಗಿದ್ದವು.

ಉಳಿದ ದಿನಗಳಲ್ಲಿ ಸಾಮಾನು ವಿಂಗಡಿಸುವುದನ್ನು ನಾನು ಅತ್ತೆಗೇ ಬಿಟ್ಟೆ. ಬೆಳಗಿನ ಮೊದಲ ಬಸ್ಸಿಗೆ ಮಕ್ತಲ್, ಸಂಜೆಗೆ ಮನೆ. ಆ ಖಣಗಳನ್ನೂ ಕಾಯಿಗಳನ್ನೂ ಗೆಳತಿಯ ಮನೆಗೇ ಸಾಗಿಸಿದೆ. ಅವಳು ಉಡಿ ತುಂಬುತ್ತೇನೆಂದು ಎದ್ದರೆ, “ಕೈ ಮುಗೀತೀನಿ, ನಿಂದರಬೇ,” ಎಂದು ಓಡಿದೆ. ಜವೆ ಗೋಧಿಯ ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿ ನೆನೆಸಿ, ಬಿಸಿಲೇರುವ ಮೊದಲೇ ಒತ್ತಲು ಕೂಡುತ್ತಿದ್ದೆವು. ಅವಳು ಮೊದಲಿನ ಹಾಗೇ ಬೈದಳು. ನಾನೂ ಬೈದೆ. ಆ ತುಕ್ಕು ಹಿಡಿದ ಬೋಲ್ಟಿಗೆ ಅವಳ ಗಂಡ ಎಣ್ಣೆ ಹಾಕಲು ಬಂದರೆ, ಮುಟ್ಟಬೇಡಿರಿ ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು.

ನಾನು ಬರುವ ಕೊನೆಯ ದಿನ ಪಕ್ಕದ ಮನೆಯ ಮಾಳಿಗೆಯಿಂದ ಒಬ್ಬ ಹೆಂಗಸು ಇಣುಕಿದಳು. ಕೊತ್ತಪಲ್ಲಿಯಿಂದ ಹೊಸದಾಗಿ ಬಂದವಳು, ತೆಲುಗಿನವಳು, ಮೂವತ್ತರ ಆಸುಪಾಸು. ಸ್ವಲ್ಪ ಹೊತ್ತು ನೋಡಿ, ಗೋಡೆ ದಾಟಿ ಬಂದೇಬಿಟ್ಟಳು.

“ವದಿನಾ, ನೇನು ತಿಪ್ಪನಾ?” ಅತ್ತಿಗೆ, ನಾನು ತಿರುಗಿಸಲೇ ಎಂದು ಕೇಳುತ್ತಿದ್ದಳು. ಕೇಳಿದ್ದು ನನ್ನನ್ನಲ್ಲ, ಗೆಳತಿಯನ್ನು.

ಗೆಳತಿ ನನ್ನ ಮುಖ ನೋಡಿದಳು. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇನು? ಮಂಚ ಕೊಟ್ಟೆ, ಅಲಮಾರಿ ಕೊಟ್ಟೆ, ಹನ್ನೆರಡು ವರ್ಷ ಕುಚ್ಚು ಕಟ್ಟಿದ ದಾರದ ಡಬ್ಬಿಗಳನ್ನೂ ನಗುನಗುತ್ತ ಕೊಟ್ಟೆ. ಈ ಮಣೆಯ ಮೇಲಿಂದ ಏಳಲು ಮಾತ್ರ ಆಗಲಿಲ್ಲ. ಇನ್ನೊಂದು ಉಂಡೆ ಮುಗಿಯಲಿ ಎಂದೆ. ಆ ಉಂಡೆ ಮುಗಿಯಿತು, ಮತ್ತೊಂದು ಮುಗಿಯಲಿ ಎಂದೆ. ಆ ಹೆಂಗಸು ಸುಮ್ಮನೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ನನ್ನ ಕೈ ಹೇಗೆ ತಿರುಗುತ್ತದೆ ಎಂದು ನೋಡುತ್ತಿದ್ದಳು. ಅವಳು ಕಲಿಯದಿದ್ದರೆ ಮುಂದಿನ ಬೇಸಿಗೆಗೆ ಈ ಎರಡು ಕಂಬಗಳ ಮೇಲೆ ಬಟ್ಟೆಯೇ ಒಣಗಬೇಕು ಎಂಬುದು ನನಗೆ ಗೊತ್ತಿತ್ತು. ಎದ್ದೆ.

ಅವಳು ಕೂತು ಹಿಡಿಕೆ ಒತ್ತಿದ ಕೂಡಲೇ ಮಣೆ ಎದ್ದು ಕುಣಿಯಿತು. ಗೆಳತಿಗಿಂತಲೂ ತೆಳ್ಳಗಿದ್ದಳು ಪಾಪ. ನನ್ನ ಹಾಗೆ ಮಣೆ ಒತ್ತಿ ಹಿಡಿಯುವ ಭಾರ ಅವಳಲ್ಲಿರಲಿಲ್ಲ. ಹಿಂದೆ ಸರಿದು ಕೂತರೂ ಅಷ್ಟೇ, ಮುಂದೆ ಬಾಗಿದರೂ ಅಷ್ಟೇ. ಗೆಳತಿ ಕೆಳಗಿಳಿದು ಹೋಗಿ ಗಂಡನ ಕೈಲಿ ಒಂದು ಜೋಳದ ಚೀಲ ಹೊರಿಸಿಕೊಂಡು ಬಂದಳು. ಅದನ್ನು ಮಣೆಯ ಹಿಂದಿನ ತುದಿಗೆ ಹಾಕಿದ ಮೇಲೆ ಮಣೆ ನೆಟ್ಟಗೆ ನಿಂತಿತು.

“ನೋಡವಾ,” ಎಂದು ಗೆಳತಿ ಬೆವರು ಒರೆಸಿಕೊಂಡಳು, “ನೀ ಒಬ್ಬಾಕಿ ಹೋದ್ರ ಒಬ್ಬ ಹೆಂಗಸು, ಒಂದು ಚೀಲ ಜ್ವಾಳ ಬೇಕಾತು.”

ನಾನು ನಗುತ್ತಿದ್ದೆ, ಗಲ್ಲದ ಮೇಲೆ ನೀರೂ ಇಳಿಯುತ್ತಿತ್ತು, ಅದಕ್ಕೆ ಸಿಟ್ಟನ್ನು ಕಾರಣ ಮಾಡಲು ಆಗಲಿಲ್ಲ. ಆ ಹೆಂಗಸು ಬೇಗ ಬೇಗ ತಿರುಗಿಸಿದ್ದರಿಂದ ಎಳೆ ದಪ್ಪ ಬಂತು. ನಿಧಾನ, ನಿಧಾನ ಎಂದು ನಾನು ತೆಲುಗಿನಲ್ಲಿ ಕೂಗಿದೆ. “ನೀ ಸುಮ್ಮನಿರು, ಬೈಯಾಕ ನಾ ಇದ್ದೀನಿ,” ಎಂದಳು ಗೆಳತಿ, ಎಳೆಗಳಿಂದ ಕಣ್ಣು ತೆಗೆಯದೆ. ಮೂರನೆಯ ಉಂಡೆಗೆ ಆ ಹೊಸ ಕೈ ಹಿಡಿತಕ್ಕೆ ಬಂತು. ಶಾವಿಗೆ ತೆಳ್ಳಗೆ, ಒಂದೂ ಹರಿಯದೆ ಇಳಿಯತೊಡಗಿತು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಜೋಳದ ಚೀಲ ಜಾರುತ್ತದೇನೋ ಎಂದು ಒಮ್ಮೆ ಕೈಯಿಂದ ಒತ್ತಿ ನೋಡಿದೆ. ಗಟ್ಟಿಯಾಗಿ ಕೂತಿತ್ತು. ಅವರಿಬ್ಬರ ಕೈಗೆ ಬಿಡುವಿಲ್ಲದ್ದರಿಂದ ನಾನೇ ಕೆಳಗಿನ ದೇವರ ಗೂಡಿನಿಂದ ಭರಣಿ ತಂದು ಇಬ್ಬರ ಹಣೆಗೂ ಕುಂಕುಮ ಹಚ್ಚಿ, ಹೋಗಿ ಬರ್ತೀನಿ ಎಂದು ಹೇಳಿ ಮಾಳಿಗೆಯಿಂದ ಇಳಿದೆ.